ಬೆವರು ಕುಡಿದ ಮಣಿ

ನಡುರಾತ್ರಿ ಪಡಸಾಲೆಯ ಕಲ್ಲುಹಾಸಿನ ಮೇಲೆ ಟಕ್ ಎಂದು ಏನೋ ಬಿತ್ತು. ಬಿದ್ದದ್ದು ಉರುಳಿತು. ಗಾಜಿನ ಮಣಿ ಉರುಳುವ ಸದ್ದು ನನಗೆ ಚೆನ್ನಾಗಿ ಗೊತ್ತು. ನಮ್ಮ ಯಜಮಾನರಿಗೆ ಹಳೆಯ ಮಣಿಗಳ ಹುಚ್ಚು. ಯಾವ ಕಾಲದಲ್ಲೋ ಹಡಗಿನಲ್ಲಿ ಗೋವೆಗೆ ಬಂದು, ಎತ್ತುಗಳ ಬೆನ್ನೇರಿ ಘಟ್ಟ ಹತ್ತಿದ ಪರದೇಶದ ಮಣಿಗಳನ್ನು ಗೋಕಾಕದ ಅಕ್ಕಸಾಲಿಗರಲ್ಲಿ, ಹುಕ್ಕೇರಿ ಕಡೆಯ ಮುದುಕಿಯರ ಗಂಟುಗಳಲ್ಲಿ ಹುಡುಕಿ ತರುತ್ತಿದ್ದರು. ಮೂಡಲಗಿಯಲ್ಲಿ ಅವರದು ಬೆಲ್ಲದ ವ್ಯಾಪಾರ, ಸ್ವಂತ ಗಾಣ. ಮನಸ್ಸು ಮಾತ್ರ ಮಣಿಡಬ್ಬಿಯಲ್ಲಿ.

ಹಾಸಿಗೆಯಲ್ಲಿ ಅವರಿರಲಿಲ್ಲ. ಇನ್ನೊಂದು ಮಣಿ ಬಿತ್ತು. ಅದರ ಬೆನ್ನಿಗೇ ಯಾರದೋ ಗಂಟಲು ಗೊರಗುಟ್ಟಿತು.

ಕಂದೀಲಿನ ಬೆಳಕಿನಲ್ಲಿ ಮಾಯಪ್ಪ ಇವರ ಎದೆಯ ಮೇಲೆ ಮೊಣಕಾಲೂರಿದ್ದ. ನಮ್ಮ ಗಾಣಕ್ಕೆ ಕಬ್ಬು ಹಾಕುವ ಆಳು. ಕೆಂಪು ಬಿಳಿ ಮಣಿಗಳ ಸರವನ್ನು ಇವರ ಕೊರಳಿಗೆ ಸುತ್ತಿ ಎರಡೂ ಕೈಯಿಂದ ತಿರುಚುತ್ತಿದ್ದ. ದಾರದ ಒಂದೆಳೆ ಹರಿದು ಮಣಿ ಉದುರುತ್ತಿದ್ದವು, ಇನ್ನೊಂದೆಳೆ ಮಾಂಸದೊಳಗೆ ಇಳಿಯುತ್ತಿತ್ತು.

"ಈಗ ಬೆವರ್ರಿ ಸಾವಕಾರ್ರ," ಅನ್ನುತ್ತಿದ್ದ. "ಬೆವರ್ರಿ. ಮಣಿಗಿ ಹೊಳಪು ಬರತೈತಿ."

ನನಗೆ ತಟ್ಟನೆ ತಿಳಿಯಿತು. ಮಂಕಾದ ಗಾಜಿಗೆ ಮೈಬೆವರು ಕುಡಿಸಿದರೆ ಹೊಳಪು ಬರುತ್ತದೆ ಎಂದು ಇವರ ನಂಬಿಕೆ. ಮೊದಲು ನನ್ನ ಕೊರಳಿಗೇ ಹಾಕಿದ್ದರು, ದದ್ದು ಎದ್ದವು. ಆಮೇಲೆ ಗಾಣದ ಅಂಗಳ ಗುಡಿಸುವ ಮಾಯಪ್ಪನ ಮಗಳು ಕರೆವ್ವನಿಗೆ ಕೊಡತೊಡಗಿದರು. ಹಗಲೆಲ್ಲ ಕುಪ್ಪಸದ ಒಳಗೆ ಹಾಕಿಕೊಂಡಿದ್ದು, ಸಂಜೆ ಎಣಿಸಿ, ನೀರು ತುಂಬಿದ ಪರಾತದಲ್ಲಿ ಬಿಟ್ಟು ಹೋಗಬೇಕು. ಮೈಲಿಗೆ ಕಳೆಯಲೆಂದು ಆ ನೀರು ಚೆಲ್ಲಿದ ಮೇಲೆಯೇ ಇವರು ಮುಟ್ಟುವುದು. ಈ ಸಲ ಕೆಂಪು ಮಣಿಗಳ ನಡುನಡುವೆ ಚೆಂದಕ್ಕೆಂದು ಬಿಳಿಯವನ್ನು ಪೋಣಿಸಿದ್ದರು. ತವರಿಗೆ ಹೋಗಿದ್ದ ನಾನು ಆ ಸಂಜೆಯಷ್ಟೇ ಬಂದಿದ್ದೆ, ಅದನ್ನು ನೋಡಿರಲಿಲ್ಲ. ಇವರಿಗೆ ಅದು ಸರ. ಮಾಯಪ್ಪನ ಕೇರಿಯಲ್ಲಿ ಕೆಂಪು ಬಿಳಿ ಕೂಡಿದರೆ ಅದು ಮುತ್ತು. ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆಯಿಲ್ಲ. ಉಳ್ಳವರು ಯಾವ ಹೊತ್ತಿನಲ್ಲಾದರೂ ಅವಳ ಬಾಗಿಲು ಬಡಿಯಬಹುದು.

"ಮಾಯಪ್ಪಾ, ಬಿಡೋ! ಸಾಯ್ತಾರೋ!" ಅವನ ತೋಳಿಗೆ ಜೋತುಬಿದ್ದೆ. ಕೊಡವಿದ ರಭಸಕ್ಕೆ ಕಂಬಕ್ಕೆ ಬಡಿದು ತುಟಿ ಒಡೆಯಿತು. ಆದರೆ ಅವನ ಹಿಡಿತ ಸಡಿಲಿತು.

"ನೀವು ನಡುವ ಬರಬ್ಯಾಡ್ರಿ ಅಕ್ಕಾರ. ನಮ್ಮಕ್ಕ ಸಾತವ್ವನ್ನ ಹಿಂಗ ಕಳಕೊಂಡೇನಿ. ಬುದ್ಧನ ಮುಂದ ನಿಂತು ಆಣಿ ಮಾಡೇನಿ, ನಮ್ಮ ಮನ್ಯಾಗ ಇನ್ನ ಮುತ್ತಿಲ್ಲ ಅಂತ. ಬರೂ ತಿಂಗಳ ಕರೆವ್ವನ ಮದವಿ ಐತಿ, ಕಣಗಲಾದಾಗ."

"ಇವ್ರಿಗಿ ಗೊತ್ತಿರಲಿಲ್ಲೋ."

"ಗೊತ್ತಿಲ್ದ ಕಟ್ಯಾರ ಅಂದ್ರ ಕಣಗಲಾದವ್ರು ಹೂಂ ಅಂತಾರೇನ್ರಿ?"

ಅವನ ಮುಷ್ಟಿಯಲ್ಲಿದ್ದ ದಾರಕ್ಕೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು.

"ಕರೆವ್ವ ಎಲ್ಲಿ?"

"ಅದಾಳ."

"ಜೀವಂತ?"

ಅವನು ಮುಖ ತಿರುಗಿಸಿದ. "ಸಂಜೀಗಿ ಬಿಚ್ಚಿಡೂದು ಮರ್ತು ಹಂಗ ಬಂದಿದ್ಲು. ಕಪಾಳಕ್ಕ ಬಾರ್ಸಿ, ಸರ ಹಿಡದು ಜಗ್ಗಿದೆ. ಗೋಡಿಗಿ ಬಿದ್ಲು. ಉಸರಾಡಾಕತ್ತಾಳ."

"ಕೊಳ್ಳಾಗಿನ ಸರ ಮತ್ತ್ಯಾರು ನೋಡ್ಯಾರ?"

"ಯಾರೂ ಇಲ್ರಿ. ನಾ ಅಷ್ಟ."

ಅಷ್ಟಕ್ಕೇ ಮುಗಿದಿದ್ದರೆ ಅವನು ಹೋಗಿಬಿಡುತ್ತಿದ್ದನೇನೋ. ಎದ್ದು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಿದ್ದ. ಆಗ ನಮ್ಮವರು ಬೋರಲಾಗಿ ಕೆಮ್ಮುತ್ತ, ಉರುಳಿಹೋಗಿದ್ದ ಕೆಂಪು ಮಣಿಗಳತ್ತ ಕೈ ಚಾಚಿದರು. ಒಂದನ್ನು ಹಿಡಿದು ಕಂದೀಲಿನ ಬೆಳಕಿಗೆ ತಿರುಗಿಸಿ, ಸೀಳು ಬಿಟ್ಟಿದೆಯೋ ಎಂದು ನೋಡಿದರು.

ಮಾಯಪ್ಪ ಕಂಬದ ಬುಡದಲ್ಲಿದ್ದ ಖಾರ ಕುಟ್ಟುವ ಗುಂಡುಕಲ್ಲು ಎತ್ತಿದ. ಆ ಕೈಯನ್ನು ನೆಲಕ್ಕೆ ಮೆಟ್ಟಿ, ಮಣಿಯ ಸಮೇತ ಕುಟ್ಟಿದ. ಮತ್ತೆ ಕುಟ್ಟಿದ. ಇವರ ಬಾಯಿ ತೆರೆಯಿತು, ದನಿ ಬರಲಿಲ್ಲ. ಬೆರಳುಗಳು ಮುರಿದ ಸದ್ದು ಕಬ್ಬಿನ ಗಣಿಕೆ ಮುರಿದಂತೆಯೇ ಇತ್ತು.

"ಎಣಿಸಿ ಕೊಟ್ಟೇನಿ, ತೊಗೋರಿ," ಎಂದು ಕಲ್ಲು ಎಸೆದು ಹೋದ.

ಹರಿದ ಮಾಂಸದಿಂದ ಗಾಜಿನ ಚೂರು ತೆಗೆಯುತ್ತ ಕೂತೆ. ಆ ಮಣಿಗಳು ಹೊರಗೆ ಕೆಂಪಾದರೂ ಒಳಗೆ ಬಿಳಿ. ಯಾವುದು ಗಾಜು, ಯಾವುದು ಎಲುಬು, ತಿಳಿಯುತ್ತಿರಲಿಲ್ಲ. ಇವರು ಎಡಗೈಯಿಂದ ಪಕ್ಕದ ಮನೆಯ ಗೋಡೆ ತೋರಿಸಿದರು. ಅಲ್ಲಿ ಮೈದುನ ಲಕ್ಕಪ್ಪ ಇದ್ದಾನೆ, ಕರೆ ಎಂದು. ಲಕ್ಕಪ್ಪ ಬಂದರೆ ಮೊದಲ ಮಾತು "ಯಾರು", ಎರಡನೆಯದು "ಯಾಕ". ಮೊದಲನೆಯದಕ್ಕೆ ಕೇರಿಗೆ ಬಡಿಗೆಗಳು ಹೋಗುತ್ತವೆ. ಎರಡನೆಯದು ಸಂತೆಯ ದಿನವೇ ಗಂಡಿನ ಊರಾದ ಕಣಗಲಾ ಮುಟ್ಟುತ್ತದೆ.

ನಾನು ಕರೆಯಲಿಲ್ಲ. ಬೆಳಕು ಹರಿಯುತ್ತಲೇ ಲಕ್ಕಪ್ಪ ತಾನೇ ಬಂದ. "ಏನಾತ್ರಿ ವೈನಿ? ಅಣ್ಣಗ ಯಾರ ಹೊಡದ್ರು? ಹೆಸರು ಹೇಳ್ರಿ, ಉಳದದ್ದು ನಾ ನೋಡ್ಕೋತೇನಿ."

ಇವರ ಕೊರಳಿಗೆ ಮಫ್ಲರ್ ಸುತ್ತಿದ್ದೆ. ಗಂಟಲಿನಿಂದ ಗಾಳಿಯಷ್ಟೇ ಬರುತ್ತಿತ್ತು. ಬರೆಯುವ ಕೈ ಅರಿವೆಯ ಗಂಟಾಗಿತ್ತು. ಕಣ್ಣು ಮಾತ್ರ ನನ್ನ ಮೇಲಿತ್ತು, ಹೇಳು, ಹೇಳು ಎಂದು.

"ಯಾರ ಹೊಡೀತಾರ? ಬೀಸುಕಲ್ಲು ಸರಸಾಕ ಹೋಗಿ ಕೈಮ್ಯಾಲ ಕೆಡವಿಕೊಂಡ್ರು. ಹಿಡಿಯಾಕ ಹೋಗಿ ನನ್ನ ತುಟೀನೂ ಒಡೀತು. ನಿನ್ನೆ ಸಂಜಿಂದ ನೆಗಡಿಗಿ ಇವ್ರ ಗಂಟಲ ಬಿದ್ದೈತಿ."

ಲಕ್ಕಪ್ಪ ನನ್ನ ತುಟಿ ನೋಡಿದ, ಬೀಸುಕಲ್ಲು ನೋಡಿದ, ದವಾಖಾನೆಗೆ ಗಾಡಿ ಕಟ್ಟಲು ಹೋದ.

ನಾನು ಬಾಗಿ ಇವರ ಕಿವಿಯಲ್ಲಿ ಹೇಳಿದೆ: "ನಿಮ್ಮ ದನಿ ಬರಲಿ. ಆಗ ನೀವು ಮಾಯಪ್ಪನ ಹೆಸರು ತೆಗದ್ರ, ಯಾರ ಮೈಬೆವರಿನ ಮಣಿ ನೀವು ಮುಟ್ಟತೀರಿ ಅಂತ ಪರಾತದ ನೀರು ನಾ ಚೆಲ್ಲಿ ತೋರಸ್ತೇನ್ರಿ, ಎಲ್ಲಾರ ಮುಂದ."

ಅವರು ಕಣ್ಣು ಮುಚ್ಚಿದರು. ಕರೆವ್ವ ಗಂಡನ ಮನೆ ಸೇರಲಿ, ಸೇರಿ ಮಕ್ಕಳಾಗಲಿ, ಆಮೇಲೂ ಈ ರಾತ್ರಿಯ ಮಾತನ್ನು ಯಾರಿಗೂ ಆಡುವುದಿಲ್ಲ ಎಂದು ಆಗಲೇ ನಿಶ್ಚಯಿಸಿಕೊಂಡೆ.