ಮಶ್ದಿ ಬರಾತ್ ಕಂಡ ಆರೆಳೆಯ ಹೂವು

ಮಶ್ದಿ ಬರಾತ್‌ನನ್ನು ಸುಳ್ಳುಗಾರ ಎಂದರೆ ಅನ್ಯಾಯವಾಗುತ್ತದೆ. ಅವನು ಯಾರಿಗೂ ಮೋಸ ಮಾಡಿದವನಲ್ಲ. ನಡೆದದ್ದು ಸಾಲದು ಅನ್ನಿಸಿ ಮೇಲೆ ಎರಡು ಸೌಟು ಬಡಿಸುತ್ತಿದ್ದ, ಅಷ್ಟೆ. ಮಶ್‌ಹದ್‌ಗೆ ಯಾತ್ರೆ ಹೋಗಿಬಂದವರನ್ನು ಮಶ್ದಿ ಎಂದು ಕರೆಯುವುದು ಖೊರಾಸಾನ ಸೀಮೆಯ ವಾಡಿಕೆ. ತನ್ನ ಕತ್ತೆ ಹಗ್ಗ ಬಿಚ್ಚಿಕೊಂಡು ತಾನೊಂದೇ ಮಶ್‌ಹದ್‌ಗೆ ಹೋಗಿ, ದರ್ಗಾದ ಮುಂದೆ ತಲೆ ಬಾಗಿಸಿ, ಮರಳಿ ಬಂತೆಂದು ಬರಾತ್ ಒಮ್ಮೆ ಹೇಳಿದ್ದ. ಅಂದಿನಿಂದ ಕಲಾತೆ ಊರಿನವರು ಕತ್ತೆಯನ್ನೂ ಮಶ್ದಿ ಎಂದೇ ಕರೆದರು. ಯಾರಾದರೂ "ಮಶ್ದೀ" ಎಂದು ಕೂಗಿದರೆ ಎಷ್ಟೋ ಸಲ ಮೊದಲು ತಿರುಗಿ ನೋಡುತ್ತಿದ್ದದ್ದು ಕತ್ತೆ.

ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈ ಸಲ ಮೊಮ್ಮಗಳು ಗೊಲ್‌ನಾರಳ ಮದುವೆ ಬಂತು. ತಂದೆಯಿಲ್ಲದ ಆ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ಬರಾತ್. ಮದುವೆ ಪುಸ್ತಕದಲ್ಲಿ ಹೆಣ್ಣಿನ ಕಡೆಯ ಸಾಕ್ಷಿಯಾಗಿ ತನ್ನ ಸಹಿ ಇರಬೇಕು ಎನ್ನುವುದೊಂದೇ ಅವನ ಆಸೆ. ಅದಕ್ಕೆ ಅಡ್ಡ ಬಂದವನು ವರನ ಅಜ್ಜ, ಕರ್ಬಲಾ ಯಾತ್ರೆ ಮುಗಿಸಿ ಕರ್ಬಲಾಯಿ ಎನಿಸಿಕೊಂಡ ಸಫ್ದರ್. ಇವನು ಅಳೆದು ತೂಗಿ ಮಾತಾಡುವ ಮನುಷ್ಯ. ಊರಿನಲ್ಲಿ ಮಳೆ ಬಂದರೂ ಸಫ್ದರ್ ಬಂತೆಂದು ಹೇಳಿದ ಮೇಲೆಯೇ ಜನ ನಂಬುತ್ತಿದ್ದರು.

"ನಿನ್ನ ಸಹಿ ಬಿದ್ರೆ ಆಯ್ತು, ಈ ಮದ್ವೇನೂ ಬರಾತ್ ಬಿಟ್ಟ ರೈಲು ಅಂತಾರೆ ಜನ. ನನ್ನ ಮೊಮ್ಮಗ ಬ್ರಹ್ಮಚಾರಿಯಾಗೇ ಉಳೀತಾನೆ," ಎಂದ ಸಫ್ದರ್.

"ಹಂಗಾದ್ರೆ ಏನ್ ಮಾಡ್ಬೇಕು ಹೇಳಪ್ಪ."

"ಒಂದೇ ಒಂದು ನಿಜ ತೋರ್ಸು. ನೀನು ಹೇಳಿದ್ದು, ನಾನು ಕಣ್ಣಾರೆ ಕಂಡಿದ್ದು, ಎರಡೂ ಒಂದೇ ಆಗಿರ್ಬೇಕು. ಶುಕ್ರವಾರದವರೆಗೂ ಟೈಮಿದೆ."

ಮಂಗಳವಾರ ನಸುಕಿನಲ್ಲಿ ಅದು ಸಿಕ್ಕಿತು.

ಕೇಸರಿ ಹೂವು ಬಿಸಿಲು ತಾಗುವ ಮೊದಲೇ ಬುಟ್ಟಿ ಸೇರಬೇಕು. ತಾಗಿದರೆ ಬಾಡುತ್ತದೆ. ಹಾಗಾಗಿ ಸುಗ್ಗಿಯಲ್ಲಿ ಕಣ್ಣಿಗಿಂತ ಮೊದಲು ಕೈ ಏಳುತ್ತದೆ. ಬರಾತ್ ಬಗ್ಗಿಕೊಂಡು, ಮರಗಟ್ಟಿದ ಬೆರಳಲ್ಲಿ ಸಾಲು ಸಾಲಾಗಿ ಹೂವು ಚಿವುಟುತ್ತಿದ್ದವನು, ನಾಲೆಯ ಪಕ್ಕದ ಸಾಲಿನಲ್ಲಿ ಗಕ್ಕನೆ ನಿಂತ. ಎದುರಿಗಿದ್ದ ನೇರಳೆ ಹೂವಿನೊಳಗೆ ಕೆಂಪು ಎಳೆಗಳು ಒತ್ತೊತ್ತಾಗಿದ್ದವು. ಹೂವಿಗೆ ಮೂರೆಳೆ ಎನ್ನುವುದು ಎಲ್ಲರಿಗೂ ಗೊತ್ತು. ಬರಾತ್ ಎಣಿಸಿದ. ಆರು. ತನ್ನ ಎಣಿಕೆಯ ಮೇಲೆ ತನಗೇ ನಂಬಿಕೆಯಿಲ್ಲದೆ ಹೆಂಡತಿಯನ್ನು ಕರೆದ. ನೊಸ್ರತ್ ಮಂಡಿಯೂರಿ ಎಣಿಸಿದಳು. ಆರೇ.

"ಅಯ್ಯೋ ನನ್ನಪ್ಪ! ಇಷ್ಟು ವರ್ಷಕ್ಕೆ ಒಂದು ನಿಜ ಸಿಕ್ತಲ್ಲ ನಿಂಗೆ! ಕೀಳ್ಬೇಡ. ಕಿತ್ರೆ, ಎಳೆ ಅಂಟಿಸ್ಕೊಂಡು ಬಂದಿದಾನೆ ಅಂತಾನೆ ಆ ಸಫ್ದರ್. ಗಿಡದಲ್ಲೇ ತೋರ್ಸ್ಬೇಕು. ನಾನ್ ಹೋಗಿ ಕರ್ಕೊಂಡ್ ಬರ್ತೀನಿ."

ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ಗಂಡನ ಬಾಯಿಯ ಮೇಲೆ ಅವಳಿಗೆ ಭರವಸೆಯಿರಲಿಲ್ಲ. ದಾರಿಯಲ್ಲಿ ಹೋಗುವವರಿಗೆ ಹನ್ನೆರಡು ಎಳೆ ಅಂದುಬಿಟ್ಟರೆ ಮುಗಿಯಿತು ಕಥೆ. ಚಹಾ ಕುಡಿಯುವಾಗ ಹಲ್ಲಲ್ಲಿ ಕಚ್ಚಿಕೊಳ್ಳುವ ಸಕ್ಕರೆ ತುಂಡೊಂದನ್ನು ಸೆರಗಿನ ಗಂಟಿನಿಂದ ತೆಗೆದು ಅವನ ಹಲ್ಲಿನ ನಡುವೆ ಇಟ್ಟಳು. ಇನ್ನೆರಡನ್ನು ಅವನ ಜೇಬಿಗೆ ಹಾಕಿದಳು.

"ಕಚ್ಕೋ. ಕರಗಿದ್ರೆ ಇನ್ನೊಂದು ಇಟ್ಕೋ. ಮಾತಾಡಿದ್ಯೋ, ಮದ್ವೆ ದಿನ ಕತ್ತೆ ಜೊತೆ ಹೊರಗೇ ನಿಂತಿರ್ತೀಯ."

ಬರಾತ್ ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಪಕ್ಕದ ಹೊಲದವನು ಏನೆಂದು ಕೇಳಿದ. ಬರಾತ್ ತಲೆಯಾಡಿಸಿದ. ಮಾತು ಗಂಟಲಲ್ಲಿ ಕುದಿಯುತ್ತಿತ್ತು, ಕಣ್ಣಲ್ಲಿ ನೀರು ಬಂತು, ಆದರೆ ಕಚ್ಚಿದ ಹಲ್ಲು ಸಡಿಲಿಸಲಿಲ್ಲ. ಎರಡನೆಯ ತುಂಡೂ ಕರಗಿತು. ಮೂರನೆಯದನ್ನು ಬಾಯಿಗಿಡುವಾಗ ಬದುವಿನ ಮೇಲೆ ನೊಸ್ರತ್ ಕಂಡಳು. ಅವಳ ಹಿಂದೆ ಸಫ್ದರ್, ಅವನ ಹಿಂದೆ ಅರ್ಧ ಊರು.

ಅದೇ ಹೊತ್ತಿಗೆ ಗುಡ್ಡದ ಮೇಲೆ ಸೂರ್ಯನ ಅಂಚು ಮೂಡಿತು.

ಸುಗ್ಗಿಯಲ್ಲಿ ದಿನವೂ ಆ ಅಂಚನ್ನು ಮೊದಲು ಕಂಡು ಹೊಲಕ್ಕೆಲ್ಲ ಎಚ್ಚರಿಕೆ ಕೂಗುವುದು ನೊಸ್ರತ್‌ಳ ಕೆಲಸ. ಮದುವೆಯಾಗಿ ಬಂದಂದಿನಿಂದಲೂ ಅವಳದೇ. ಯಾಕೆ ಬಂದಿದ್ದೇನೆ, ಯಾರನ್ನು ಕರೆತಂದಿದ್ದೇನೆ, ಒಂದೂ ನೆನಪಾಗದೆ ಅವಳ ಗಂಟಲು ತನ್ನ ಪಾಡಿಗೆ ತಾನು ಕೂಗಿತು: "ಬಿಸಿಲು ಬಂತೂ! ಕೈಗೆ ಸಿಕ್ಕಿದ್ದು ಬಿಡ್ಬೇಡ್ರೋ!"

ಬರಾತ್‌ನ ಬಲಗೈ ಮುಂದೆ ಹೋಗಿ, ಹೂವು ಚಿವುಟಿ, ಬುಟ್ಟಿಗೆಸೆದು, ಪಕ್ಕದ ಹತ್ತು ಹೂವನ್ನೂ ಅದರ ಮೇಲೆಸೆದು, ಬುಟ್ಟಿಯನ್ನು ಒಮ್ಮೆ ಕುಲುಕಿತು.

ಜನ ಬಂದು ಸುತ್ತ ನಿಂತರು. ಎದುರಿಗೆ ಬರೀ ತೊಟ್ಟು.

"ಎಲ್ಲಯ್ಯಾ?" ಎಂದ ಸಫ್ದರ್.

ಬರಾತ್ ಬುಟ್ಟಿಯತ್ತ ಬೆರಳು ತೋರಿಸಿದ. ಇಂಗು ತಿಂದ ಮಂಗನ ಹಾಗಿತ್ತು ಅವನ ಮುಖ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ, ಇವನಿಗೆ ಕೈಯೇ ತುತ್ತು ಕಸಿದಿತ್ತು.

"ಕಿತ್ತಿದ್ರೇನು, ಬುಟ್ಟೀಲೇ ಇದ್ಯಲ್ಲ? ಸುರಿದು ಹುಡುಕೋಣ ಬನ್ನಿ," ಎಂದಳು ನೊಸ್ರತ್.

ಬರಾತ್‌ನ ಮನೆಯಲ್ಲಿ ದೊಡ್ಡ ಬಟ್ಟೆ ಹಾಸಿ ಬುಟ್ಟಿ ಸುರಿದರು. ಊರೇ ಸುತ್ತ ಕೂತಿತು. ಒಂದೊಂದೇ ಹೂವು ತೆಗೆದು ಎಳೆ ಎಣಿಸುವುದು, ಆರಿದ್ದರೆ ಕೂಗುವುದು ಎಂದು ತೀರ್ಮಾನವಾಯಿತು. ಚಹಾ ಬಂತು. ಮಾತು ಬಂತು. ಯಾರದೋ ಸೊಸೆಯ ಸುದ್ದಿ, ಯಾರದೋ ಮೇಕೆಯ ಸುದ್ದಿ. ಮಾತು ಒಂದು ಕಡೆ, ಕೈ ಒಂದು ಕಡೆ. ಹೂವು ಬಿಡಿಸು, ಎಳೆ ಈಚೆಗೆ, ದಳ ಆಚೆಗೆ. ಇವರೆಲ್ಲ ಹಾಲುಹಲ್ಲು ಬಿದ್ದಾಗಿನಿಂದ ಮಾಡಿದ ಕೆಲಸ. ಮೇಕೆಯ ಸುದ್ದಿ ಮುಗಿಯುವಷ್ಟರಲ್ಲಿ ಬುಟ್ಟಿಯೂ ಮುಗಿದಿತ್ತು. ಬಟ್ಟೆಯ ಮೇಲೆ ಕೆಂಪು ಗುಡ್ಡೆ ಒಂದು, ನೇರಳೆ ಗುಡ್ಡೆ ಒಂದು.

"ಯಾರಾದ್ರೂ ಎಣಿಸಿದ್ರಾ?" ಎಂದು ಕೇಳಿದಳು ನೊಸ್ರತ್.

ಯಾರೂ ಎಣಿಸಿರಲಿಲ್ಲ.

"ಭೇಷ್, ಮಶ್ದಿ! ಒಂದು ದಿನದ ಕೆಲ್ಸ ಚಹಾದಲ್ಲೇ ಮುಗಿಸ್ಕೊಂಡ್ಯಲ್ಲೋ!" ಎಂದು ಯಾರೋ ನಕ್ಕರು. ಮನೆಯೆಲ್ಲ ನಕ್ಕಿತು. ಹೊರಗೆ ತನ್ನ ಹೆಸರು ಕೇಳಿದ ಕತ್ತೆಯೂ ಒಮ್ಮೆ ಅರಚಿತು. ಬರಾತ್ ನೆಲ ನೋಡುತ್ತ ಕೂತಿದ್ದ. ಸಾಯುವ ತನಕ ಯಾರೂ ತನ್ನನ್ನು ನಂಬುವುದಿಲ್ಲ ಎನ್ನುವುದು ಅವನಿಗೆ ಆಗ ಖಚಿತವಾಯಿತು.

ಸಫ್ದರ್ ಮಾತ್ರ ನಗಲಿಲ್ಲ. ತನ್ನ ಬಲಗೈಯನ್ನು ಬೇರೆಯವರದೇನೋ ಎಂಬಂತೆ ಎತ್ತಿ ಹಿಡಿದು ನೋಡುತ್ತಿದ್ದ.

"ಇತ್ತು," ಎಂದ.

"ಏನಿತ್ತು, ಕರ್ಬಲಾಯಿ?"

"ಆರೆಳೇದು. ನನ್ನ ಕೈಗೇ ಬಂತು. ದಪ್ಪ ಇದ್ಯಲ್ಲ ಅಂತ ನೋಡ್ದೆ, ಆರಿತ್ತು. ನಿಲ್ಲು ಅನ್ನೋದ್ರೊಳಗೆ ಈ ಹಾಳು ಕೈ ಬಿಡಿಸಿ ಎಸೆದ್ಬಿಡ್ತು."

ಆಗ ಎದ್ದ ನಗೆಯ ಮುಂದೆ ಮೊದಲಿನದು ಏನೂ ಅಲ್ಲ.

"ಹೋಯ್ತು! ಬೀಗರ ರೋಗ ಇವ್ರಿಗೂ ಅಂಟ್ತು!"

"ಆ ಚಹಾಕ್ಕೆ ಏನ್ ಹಾಕಿದ್ಯೇ, ನೊಸ್ರತ್?"

"ನಾನು ಸಫ್ದರ್!" ಎಂದು ಅವನು ಎದ್ದು ನಿಂತ. "ಯಾವತ್ತಾದ್ರೂ ಸುಳ್ಳು ಹೇಳಿದೀನೇನ್ರೋ ನಾನು?"

"ಇವತ್ತು ಶುರು ಮಾಡಿದ್ದೀರಿ, ಇರ್ಲಿ ಬಿಡಿ."

ನಿಜ ಹೇಳಿ ನಗೆಗೀಡಾಗುವುದು ಮುದುಕನಿಗೆ ಹೊಸದು. ಎಲ್ಲಿ ನೋಡಬೇಕು, ಕೈ ಎಲ್ಲಿಡಬೇಕು, ಏನೂ ತಿಳಿಯಲಿಲ್ಲ.

ಆಗ ಬರಾತ್ ಚಹಾದ ಜೊತೆ ಕಚ್ಚಿಕೊಂಡಿದ್ದ ಸಕ್ಕರೆ ಚೂರನ್ನು ಅಂಗೈಗೆ ಉಗಿದು, ಎದ್ದು, ಬೀಗನ ಪಕ್ಕಕ್ಕೆ ಹೋಗಿ ನಿಂತ.

"ಕರ್ಬಲಾಯಿ ಹೇಳ್ತಿರೋದು ನಿಜ. ನಾನು ಸಾಕ್ಷಿ."

ಜನ ಹೊಟ್ಟೆ ಹಿಡಿದುಕೊಂಡು ಉರುಳಾಡಿದರು.

ಶುಕ್ರವಾರ ಮೌಲ್ವಿ ಮದುವೆ ಪುಸ್ತಕ ತೆರೆದು, ಹೆಣ್ಣಿನ ಕಡೆ ಸಾಕ್ಷಿ ಯಾರು ಎಂದು ಕೇಳಿದರು. ಸಫ್ದರ್ ಪೆನ್ನು ತೆಗೆದು ಬರಾತ್‌ನ ಕೈಯಲ್ಲಿಟ್ಟ. ಮೌಲ್ವಿ ಹುಬ್ಬೇರಿಸಿದರು.

"ಈ ಊರಲ್ಲಿ ನನ್ನ ಮಾತಿಗೆ ಇರೋನು ಇವನೊಬ್ನೇ ಸಾಕ್ಷಿ. ಬರೀಲಿ ಬಿಡಿ," ಎಂದ ಸಫ್ದರ್.

ಬರಾತ್ ಬರೆದ. ತನ್ನ ಹೆಸರನ್ನಷ್ಟೇ ಬರೆದ, ಮೇಲೆ ಏನೂ ಸೇರಿಸಲಿಲ್ಲ. ಗೊಲ್‌ನಾರ್ ಮುಸುಕಿನೊಳಗಿಂದಲೇ ಅಜ್ಜನ ಮೊಣಕೈ ಹಿಡಿದುಕೊಂಡಳು. ಅವನು ಅತ್ತುಬಿಟ್ಟ.

ಊಟದ ಹೊತ್ತಿಗೆ ಹುಡುಗರೆಲ್ಲ ಸಫ್ದರ್‌ನನ್ನು ಸುತ್ತಿಕೊಂಡು, "ಹೂವಿನ ಕಥೆ ಹೇಳಿ, ಕರ್ಬಲಾಯಿ" ಎಂದು ಕೆಣಕುತ್ತಿದ್ದರು. ಅವನು ಪಲಾವಿನ ತಟ್ಟೆ ಪಕ್ಕಕ್ಕಿಟ್ಟು ಮುಷ್ಟಿ ಎತ್ತಿದ.

"ನಗ್ರಿ, ನಗ್ರಿ! ಇಷ್ಟು ದಪ್ಪ ಇತ್ತು! ಒಂದಲ್ಲ ಎರಡಲ್ಲ, ಒಂಬತ್ತು ಎಳೆ!"

ಪಕ್ಕದಲ್ಲಿ ಕೂತಿದ್ದ ಬರಾತ್ ಅವನ ತೊಡೆಯ ಮೇಲೆ ಮೆಲ್ಲಗೆ ಕೈಯಿಟ್ಟು, ಒಂದು ಸಕ್ಕರೆ ತುಂಡು ಮುಂದೆ ಹಿಡಿದ.

"ಆರು, ಬೀಗ್ರೇ. ಆರೇ."