ಗೇಟಿಗಿಂತ ಮೊದಲು ಕೂಗು

ಬೆಸುಗೆಯ ರಾಳ ಸುಟ್ಟ ವಾಸನೆ ಮೂಗಿಗೆ ಹತ್ತಿ ಕೂತಿದೆ, ಈ ಕಾಲುವೆ ಗೇಟಿನ ಕೋಣೆಯಲ್ಲಿ ಇಷ್ಟು ವರ್ಷ ಗ್ರೀಸಿನ ನಾತ ಬಿಟ್ಟರೆ ಇನ್ನೊಂದಿರಲಿಲ್ಲ, ಈಗ ಇದು — ಜಂಬಯ್ಯ ಕಾದ ಕಡ್ಡಿಯನ್ನು ಇಟ್ಟಿಗೆಯ ಮೇಲಿಟ್ಟು ತಂತಿಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದಾನೆ, ಐವತ್ತೈದು ವರ್ಷದ ಹಲ್ಲು, ಒಂದೂ ಅಲ್ಲಾಡಿಲ್ಲ, ಎಂಥ ಮನುಷ್ಯನಪ್ಪ ಇವನು, ಕಂಪ್ಲಿಯಲ್ಲಿ ಮದುವೆಯಾಗಲಿ ಭಜನೆಯಾಗಲಿ ಇವನ ಮೈಕ್ ಸೆಟ್ಟೇ ಆಗಬೇಕು, ಸೈಕಲ್ಲಿನ ಹಿಂದೆ ಹಾರನ್ ಕಟ್ಟಿಕೊಂಡು ಬಂದನೆಂದರೆ ಇಡೀ ಊರಿಗೇ ಬಾಯಿ ಬಂದಂತೆ, ಅಂಥವನನ್ನು ನೀರಾವರಿ ಇಲಾಖೆಯ ಸಾಹೇಬರು ಮೈಕಿನವನಾ ಎಂದು ನಕ್ಕುಬಿಟ್ಟಿದ್ದರು. ಹೊಸಪೇಟೆಯಿಂದ ಜೀಪಿನಲ್ಲಿ ಪೆಟ್ಟಿಗೆ ತಂದವರು ಅವರೇ, ದನಿಯನ್ನು ತಿದ್ದುವ ಪೆಟ್ಟಿಗೆಯಂತೆ, ಹೊಟ್ಟೆಯಲ್ಲಿ ಕ್ಯಾಸೆಟ್ಟು, ಮುಖದ ಮೇಲೆ ಸಾಲಾಗಿ ಹತ್ತು ಗುಂಡಿ, ಗೇಟಿನ ಪ್ಯಾನೆಲ್ಲಿಗೆ ಜೋಡಿಸಿದರೆ ನಾನು ಹಸಿರು ಬಟನ್ ಒತ್ತಿದಾಗ ಮೊದಲು ಕಾಲುವೆ ದಂಡೆಯ ಹಾರನ್ನುಗಳು ಕೂಗಬೇಕು, ಐದು ನಿಮಿಷ ಬಿಟ್ಟು ಗೇಟು ಏಳಬೇಕು, ಪುಸ್ತಕದಲ್ಲಿ ಹಾಗೇ ಬರೆದಿದೆಯಂತೆ, ಮೂರು ದಿನ ಪುಸ್ತಕ ಹಿಡಿದು ಕೂತರು, ಗೇಟು ಮೊದಲು ಎದ್ದಿತು, ಕೂಗು ಆಮೇಲೆ ಬಂತು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆಗ ನಾನೇ ಬಾಯಿಬಿಟ್ಟೆ, ನಮ್ಮ ಜಂಬಯ್ಯನ್ನ ಒಮ್ಮಿ ಕರಸ್ರಿ ಸಾಹೇಬ್ರ, ಕೈ ಮುಗಿತೀನಿ. ಹಿತ್ತಲ ಗಿಡ ಮದ್ದಲ್ಲ, ಕರೆಸಲಿಕ್ಕೆ ಇನ್ನೆರಡು ದಿನ ಹಿಡಿಯಿತು.

ಬಂದವನು ಪುಸ್ತಕ ಮುಟ್ಟಲಿಲ್ಲ, ಪೆಟ್ಟಿಗೆಯ ಬೆನ್ನು ಬಿಚ್ಚಿ ಒಂದೊಂದೇ ತಂತಿಯ ಜಾಡು ಹಿಡಿದು ನೋಡಿದ, ಆಮೇಲೆ ಮಾಡಿದ್ದು ಇದು — ಬಟ್ಟೆ ಒಗೆಯುವ ಮೆಟ್ಟಿಲ ಮೇಲಿನ ಹಾರನ್ನಿನ ಬಾಯಿಗೆ ಒಂದು ಸಣ್ಣ ಮೈಕು ಕಟ್ಟಿದ, ಅದರ ತಂತಿಯನ್ನು ವಾಪಸ್ಸು ಪ್ಯಾನೆಲ್ಲಿಗೇ ಎಳೆದು ತಂದ, ಹಾರನ್ ಕೂಗಿದ್ದು ಈ ಮೈಕಿನ ಕಿವಿಗೆ ಬಿದ್ದರೆ ಮಾತ್ರ ಐದು ನಿಮಿಷದ ಎಣಿಕೆ ಶುರು, ಬೀಳದಿದ್ದರೆ ಗೇಟು ಮಿಸುಕುವುದಿಲ್ಲ. ಕೂಗು ಕೇಳ್ಲಿಲ್ಲಂದ್ರ ಗೇಟ್ ಏಳಂಗಿಲ್ರಿ ಸಾಹೇಬ್ರ, ಯಾರ್ ಬಟನ್ ಒತ್ತಿದ್ರೂ ಅಷ್ಟ, ಎಂದ, ನನ್ನ ಕಡೆ ನೋಡದೆ ಹೇಳಿದ, ನನ್ನ ಮೇಲಿನ ಕರುಣೆಯಿಂದ. ಯಾರು ಒತ್ತಿದರೂ ಅಂದರೆ ಇನ್ಯಾರು, ಎಪ್ಪತ್ತೆರಡನೇ ಇಸವಿಯಿಂದ ಈ ಕಾಲುವೆಗೆ ಲಸ್ಕರ್ ನಾನು, ನೀರು ಬಿಡುವುದೂ ಕಟ್ಟುವುದೂ ಈ ಮೂಕಣ್ಣನ ಕೈ, ಹೋದ ವರ್ಷ ಭತ್ತದ ನಾಟಿಗೆ ನೀರು ಬಿಡುವ ದಿನವೂ ಇದೇ ಕೈ, ಮೂರು ಸಲ ಸೀಟಿ ಊದಿದೆ, ಒತ್ತಿದೆ, ತಿರುವಿನಲ್ಲಿ ಜಾಲಿ ಆಳೆತ್ತರ ಬೆಳೆದಿತ್ತು, ಅದರಾಚೆ ಮೆಟ್ಟಿಲಲ್ಲಿ ನಮ್ಮ ದುರ್ಗಕ್ಕ, ನನ್ನ ಒಡಹುಟ್ಟಿದ ಅಕ್ಕ, ಬಂಡೆಗೆ ಸೀರೆ ಬಡಿಯುತ್ತಿದ್ದಾಳೆ, ಅವಳಿಗೆ ಸೀಟಿ ಕೇಳಿಲ್ಲ, ಅವಳು ಕೂಗಿದ್ದು ಮೋಟರಿನ ಗದ್ದಲದಲ್ಲಿ ನನಗೆ ಕೇಳಿಲ್ಲ, ನೀರು ಅವಳನ್ನು ಕೆಳಗಿನ ಸೇತುವೆಯ ತನಕ ಒಯ್ದು ಕಂಬಕ್ಕೆ ಹಾಕಿತು, ಬಲಗೈ ಎರಡು ಕಡೆ ಮುರಿಯಿತು. ಹೋಗ್ಲಿ ಬಿಡೋ ತಮ್ಮಾ, ಗಂಗವ್ವ ಬಾ ಅಂದ್ಲು, ನಾ ಈಗ ಬರಂಗಿಲ್ಲಂದೆ, ಎಂದು ಆಸ್ಪತ್ರೆಯ ಮಂಚದ ಮೇಲೆ ನಕ್ಕಳು, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ನಕ್ಕಳಲ್ಲ. ಅಂದಿನಿಂದ ಬಟನ್ನಿನ ಮೇಲೆ ಬೆರಳಿಟ್ಟರೆ ಬೆನ್ನೆಲ್ಲ ಬೆವರು, ಈ ಪೆಟ್ಟಿಗೆ ಇವತ್ತು ಗೆಲ್ಲದಿದ್ದರೆ ಜೀಪು ಹತ್ತಿ ವಾಪಸ್ಸು, ನನ್ನ ಕೈಗೆ ಮತ್ತೆ ಸೀಟಿ.

ಆದರೆ ಜಂಬಯ್ಯನೂ ಎಡವಿದ, ಅದನ್ನು ನೆನೆದರೆ ನಗು, ನಿನ್ನೆಯ ಮಾತು. ಮೊನ್ನೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಬೀಡಿ ಸೇದುತ್ತ ಕೂತು ಬಟ್ಟೆ ಬಡಿಯುವುದನ್ನೇ ಕೇಳಿದ್ದ, ಬಡಿಯೋ ಸದ್ದು ದಪ್ಪ ಐತಿ ಮೂಕಣ್ಣ, ದನಿ ದಪ್ಪಿತ್ತಂದ್ರ ಅದರಾಗ ಮುಳಗತೈತಿ, ತೆಳ್ಳಗ ಮಾಡ್ಬೇಕು, ಎಂದು ಎಡಗಡೆಯ ನಾಲ್ಕು ಗುಂಡಿ ಕೆಳಕ್ಕಿಳಿಸಿದ, ನಡುವಿನವನ್ನು ಕೂದಲೆಳೆಯಷ್ಟು ಮೇಲೆ ಸರಿಸಿದ, ತಾನೇ ಕ್ಯಾಸೆಟ್ಟಿಗೆ ಮಾತಾಡಿದ, ಗೇಟಿನ ಮೋಟರು ಬಂದ್ ಇಟ್ಟು ಒತ್ತಿ ನೋಡಿದರೆ ಸ್ಪಷ್ಟ, ಬಾಳೆತೋಟದಾಚೆಗೂ ಅಕ್ಷರ ಅಕ್ಷರ ಬಿಡಿಸಿ ಕೇಳುತ್ತದೆ, ಮೆಟ್ಟಿಲಲ್ಲಿ ಮಾತ್ರ ಒಬ್ಬಳೂ ತಲೆ ಎತ್ತಲಿಲ್ಲ. ಯಾಕೆ ಎತ್ತುತ್ತಾರೆ, ಮೂವತ್ತು ವರ್ಷದ ರೂಢಿ ನಾಲಿಗೆ ಬಿಟ್ಟು ಹೋಗುತ್ತದೆಯೇ, ನೀರು ಬಿಡುತ್ತೇವೆ ಎನ್ನುವ ಮೊದಲು ಅರ್ಧ ನಿಮಿಷ ಹಲೋ ಹಲೋ ಮೈಕ್ ಟೆಸ್ಟಿಂಗ್ ಒನ್ ಟೂ ತ್ರೀ ಎಂದು ಹೇಳಿಬಿಟ್ಟಿದ್ದಾನೆ, ಹಲೋ ಎಂದರೆ ಇನ್ನೂ ಏನೂ ಶುರುವಾಗಿಲ್ಲ ಎಂದು ನಮ್ಮ ಕಡೆ ಕೂಸಿಗೂ ಗೊತ್ತು, ಯಾರ ಮನ್ಯಾಗ್ ಮದುವೇ ಜಂಬಣ್ಣ ಎಂದು ಹಂಪಮ್ಮ ಬಟ್ಟೆ ಹಿಂಡುತ್ತಲೇ ಕೇಳಿದಳು. ಇನ್ನೊಬ್ಬನಾಗಿದ್ದರೆ ಹೆಂಗಸರ ಕಿವಿಯ ಮೇಲೆ ತಪ್ಪು ಹೊರಿಸುತ್ತಿದ್ದ, ಇವನು ಹಣೆ ಬಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ನಕ್ಕ, ನಂದs ತಪ್ಪವಾ, ನಂದs, ಎಂದ, ಕ್ಯಾಸೆಟ್ಟು ಪೂರ್ತಿ ಅಳಿಸಿದ. ತಪ್ಪನ್ನು ಹಾಗೆ ಒಪ್ಪಿಕೊಳ್ಳಲು ನನಗೆ ಯಾವ ಜನ್ಮಕ್ಕೆ ಬರುತ್ತದೋ.

ನಿನ್ನೆ ಸಂಜೆಯೇ ದುರ್ಗಕ್ಕ ಎಡಗೈಯಲ್ಲಿ ರೊಟ್ಟಿ ಬುತ್ತಿ ಹಿಡಿದು ಬಂದಳು, ಜಂಬಯ್ಯ ತಿನ್ನಲಿಲ್ಲ, ಮೈಕು ಮುಂದಿಟ್ಟ, ಅಕ್ಕಾ, ಅವತ್ತು ನೀರ್ ಬಂದಾಗ ಏನಂತ ಕೂಗಿದಿ, ಹಂಗs ಕೂಗು ನೋಡೋಣು, ಎಂದ. ನಾನು ಹೊರಗೆ ಹೋದೆ, ಭತ್ತದ ಗದ್ದೆಗಳ ಕಡೆ ಮುಖ ಮಾಡಿ ಎರಡೂ ಕಿವಿ ಮುಚ್ಚಿಕೊಂಡು ಕೂತೆ, ಹೇಡಿ ಅಂದರೆ ಹೇಡಿ, ಏನು ಕೂಗಿದಳೆಂದು ಒಂದು ವರ್ಷದಿಂದ ಕೇಳಿಲ್ಲ, ಅವಳೂ ಹೇಳಿಲ್ಲ — ಮೂಕಣ್ಣ, ಹತ್ತಾತು, ಒತ್ತಪಾ, ಎನ್ನುತ್ತಿದ್ದಾನೆ ಈಗ ಜಂಬಯ್ಯ, ಸಾಹೇಬರು ಗಡಿಯಾರ ನೋಡುತ್ತಿದ್ದಾರೆ, ಅವನು ಕೈ ಕಟ್ಟಿ ನಿಂತಿದ್ದಾನೆ, ತಂತಿ ಎಳೆಯಲು ಜಾಲಿಯನ್ನು ಅವನೇ ಕಡಿಸಿದ್ದು, ಈಗ ಕಿಟಕಿಯಿಂದ ಮೆಟ್ಟಿಲು ನಿಚ್ಚಳ, ಆರು ಜನ ಹೆಂಗಸರು, ಆರು ಬಟ್ಟೆ ಏಳುತ್ತವೆ ಬೀಳುತ್ತವೆ, ತುದಿಯಲ್ಲಿ ನಮ್ಮಕ್ಕ, ಬ್ಯಾಡ ಎಂದರೂ ಬಂದಿದ್ದಾಳೆ, ಒತ್ತಿದೆ, ಟಕ್ ಎಂದಿತು, ಹಾರನ್ನು ಕೂಗಿತು — ಏ ಮೂಕಾ, ನೀರ್ ಬಂತೋ, ನಾ ಇನ್ನಾ ಇಲ್ಲೇ ಅದೀನೋ, ತಡಿಯೋ ತಮ್ಮಾ, ತಡಿಯೋ — ಇದು, ಇದನ್ನೇ ಕೂಗಿದ್ದು, ನನ್ನನ್ನೇ ಕರೆದದ್ದು, ಆರು ಬಟ್ಟೆಗಳೂ ಮೇಲೆ ನಿಂತುಬಿಟ್ಟವು, ಹಂಪಮ್ಮ ಮೆಟ್ಟಿಲು ಹತ್ತಿ ಓಡುತ್ತಿದ್ದಾಳೆ, ಉಳಿದವರೂ ಬುಟ್ಟಿ ಎತ್ತಿಕೊಂಡು ಹಿಂದೆಯೇ, ಬಂದ್ರು ಬಂದ್ರು ಎಂದು ಸಾಹೇಬರು, ಜಂಬಯ್ಯನ ಕಣ್ಣಲ್ಲಿ ನೀರು, ತಡಿಯೋ ತಮ್ಮಾ, ಅಕ್ಕ ಮಾತ್ರ ತನ್ನ ದನಿಯನ್ನೇ ಕೇಳುತ್ತ ನಿಂತಿದ್ದಾಳೆ, ಬಟ್ಟೆ ಎತ್ತಿದ ಎಡಗೈ ಮೇಲೇ ಇದೆ, ತಡೆದಿದ್ದೀನಕ್ಕಾ, ಗೇಟು ಎದ್ದಿಲ್ಲ, ಇನ್ನೂ ಎದ್ದಿಲ್ಲ, ಮೇಲೆ ಬಾ, ಈಗ ಇತ್ತ ತಿರುಗಿದಳು, ಎತ್ತಿದ ಎಡಗೈ, ನೀರು ಸೋರುವ ಸೀರೆ, ನನ್ನ ಕಡೆ ನೋಡುತ್ತ ಒಂದು ಮೆಟ್ಟಿಲು ಹತ್ತಿದಳು, ಎತ್ತಿದ ಎಡಗೈ —