ಅರ್ಥಿಂಗ್ ಗುಂಡಿಯ ಯುವರಾಜ

"ಏಯ್, ಮಣ್ಣು ಆ ಕಡೆ ಹಾಕಯ್ಯಾ! ತುಳಸಿ ಮೇಲೆ ಬೀಳ್ತಿದೆ, ಕಣ್ಣು ಕಾಣಲ್ವಾ ನಿಂಗೆ?"

ಸೊಂಟದುದ್ದದ ಗುಂಡಿಯೊಳಗಿಂದ ಯುವರಾಜ್ ತಲೆ ಎತ್ತಿ ನೋಡಿದ. ತುಳಸಿಕಟ್ಟೆ ಎರಡು ಮಾರು ದೂರದಲ್ಲಿತ್ತು. ಅಲ್ಲಿಯವರೆಗೆ ಮಣ್ಣು ಹಾರಬೇಕಾದರೆ ಗುಂಡಿಗೆ ಮದ್ದು ತುಂಬಿ ಸಿಡಿಸಬೇಕಿತ್ತು. "ಹೂಂ ರೀ ಸರ" ಅಂದು ಮತ್ತೆ ಹಾರೆ ಹಾಕಿದ.

ಜಗಲಿಯ ಮೇಲೆ ನಿಂತು ಗದರುತ್ತಿದ್ದವರು ವಿಶ್ವೇಶ್ವರ. ಮೈಸೂರಿನವರು, ತಿರುವನಂತಪುರಕ್ಕೆ ವರ್ಗವಾಗಿ ಬಂದು ಹದಿನಾರು ವರ್ಷವಾಗಿತ್ತು. ಆಕಾಶಕ್ಕೆ ಏನೇನೋ ಹಾರಿಸುವ ದೊಡ್ಡ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಬಡಾವಣೆಗೆಲ್ಲ ಮೊದಲು ಎಲೆಕ್ಟ್ರಿಕ್ ಕಾರು ತಂದವರು ತಾವೇ ಎಂಬ ಹೆಮ್ಮೆ ಅವರ ಮುಖದಲ್ಲಿ ಇನ್ನೂ ಆರಿರಲಿಲ್ಲ, ಕಾರಿನ ಮೂತಿಗೆ ಕಟ್ಟಿದ್ದ ಚೆಂಡು ಹೂವಿನ ಹಾರ ಮಾತ್ರ ಒಣಗಿ ರದ್ದಿಯಾಗಿತ್ತು. ಮೊದಲು ಕೊಂಡ ಇನ್ನೂರು ಮಂದಿಗೆ ಕಂಪನಿಯೇ ಮನೆಗೆ ಚಾರ್ಜರ್ ಕೂರಿಸಿಕೊಡುತ್ತಿತ್ತು. ಆದರೆ ನಲವತ್ತೈದು ದಿನದೊಳಗೆ ಕಾಗದಪತ್ರ ಮುಗಿಯಬೇಕು, ಮುಗಿಯದಿದ್ದರೆ ಫೈಲು ಮುಚ್ಚಿಹೋಗುತ್ತದೆ.

ಕಾಗದವೋ, ಒಂದೆರಡಲ್ಲ. ವಿದ್ಯುತ್ ಕಚೇರಿಯ ಒಪ್ಪಿಗೆ, ಬಡಾವಣೆ ಸಂಘದ ಒಪ್ಪಿಗೆ, ಗೋಡೆಯ ಫೋಟೊ, ಗೋಡೆಯ ಮುಂದೆ ಮಾಲೀಕರು ನಿಂತ ಫೋಟೊ, ಆ ಗೋಡೆ ತಮ್ಮದೇ ಎಂಬ ಪ್ರಮಾಣಪತ್ರ. ವಿಶ್ವೇಶ್ವರ ಮದುವೆಯಲ್ಲೂ ಇಷ್ಟು ಸಹಿ ಹಾಕಿರಲಿಲ್ಲ. ಅಲ್ಲಿಯವರೆಗೆ ಅಡುಗೆಮನೆಯ ಗ್ರೈಂಡರಿನ ಪ್ಲಗ್ಗಿನಿಂದಲೇ ಕಾರಿಗೆ ಕರೆಂಟು. ಕಾರು ಕುಡಿಯುವ ಹೊತ್ತಿಗೆ ಗ್ರೈಂಡರ್ ತಿರುಗುವಂತಿಲ್ಲ, ಹಾಗಾಗಿ ಮನೆಯಲ್ಲಿ ಒಂದೂವರೆ ತಿಂಗಳಿಂದ ದೋಸೆ ಇಲ್ಲ. ಹೆಂಡತಿ ಕೌಸಲ್ಯಾ ಕಾರಿಗೆ ಸವತಿ ಅಂತ ಹೆಸರಿಟ್ಟಿದ್ದರು.

ಕೊನೆಗೆ ಉಳಿದದ್ದು ಒಂದೇ ಹಾಳೆ, ಅರ್ಥಿಂಗ್ ಗುಂಡಿಯದು. ಕರೆಂಟು ಸೋರಿದರೆ ನೆಲಕ್ಕಿಳಿಸಲು ತಾಮ್ರದ ಪಟ್ಟಿ ಹೂಳುವ ಗುಂಡಿ ಅದು. ಅದನ್ನು ತಿಂಗಳ ಹಿಂದೆಯೇ ತೋಡಬಹುದಿತ್ತು. ಆದರೆ ವಿಜ್ಞಾನಿಗಳು ಪಂಚಾಂಗ ತೆಗೆದು ನೋಡಿದಾಗ ಈಶಾನ್ಯ ಮೂಲೆಯಲ್ಲಿ ಭೂಮಿ ಅಗೆಯಲು ಒಳ್ಳೆಯ ದಿನ ಸಿಕ್ಕಿದ್ದು ಸರಿಯಾಗಿ ನಲವತ್ತೈದನೆಯದು. ಸಂಜೆ ನಾಲ್ಕಕ್ಕೆ ಕಂಪನಿಯವರು ವಿಡಿಯೋ ಕಾಲಿನಲ್ಲಿ ಗುಂಡಿ ನೋಡುತ್ತಾರೆ. ಅಷ್ಟರೊಳಗೆ ಮಣ್ಣಿನ ಕೆಲಸ ಮುಗಿಯಬೇಕು.

ಆ ಹಾಳೆಯ ಮೇಲೆ ವಿಶ್ವೇಶ್ವರರಿಗಿಂತ ಹೆಚ್ಚು ಜೀವ ಇಟ್ಟುಕೊಂಡಿದ್ದವನು ಗುಂಡಿಯೊಳಗಿದ್ದ. ಅದರ ಕೆಳಗಡೆ 'ಕೆಲಸ ಮಾಡಿದವರ ಹೆಸರು' ಎಂಬ ಒಂದು ಗೆರೆ ಇತ್ತು. ವೈರ್‌ಮನ್ ಪರ್ಮಿಟ್ ಬೇಕೆಂದರೆ ಅಂಥ ಒಂದು ಹಾಳೆ, ಮಾಲೀಕರ ಸಹಿಯೊಂದಿಗೆ, ತೋರಿಸಬೇಕು. ಅರ್ಜಿಗೆ ಈ ವಾರವೇ ಕೊನೆ. ಯುವರಾಜ್ ರಾಯಚೂರಿನ ಮಾನ್ವಿಯಿಂದ ಕೊಚ್ಚಿಗೆ ಬಂದು ಎಂಟು ವರ್ಷ. ಬಂದ ಹೊಸತರಲ್ಲಿ ಒಂದು ಬೆಳಗ್ಗೆ ಅಲ್ಲಿನ ಕಲೂರ್ ಬಸ್‌ಸ್ಟ್ಯಾಂಡಿನ ಹತ್ತಿರ ಕೂಲಿಗೆ ನಿಂತವನನ್ನು ಕಂಟ್ರಾಕ್ಟರ್ ಹೃಷಿಕೇಶ್ ಎತ್ತಿಕೊಂಡು ಹೋಗಿದ್ದ. ಅವತ್ತಿನಿಂದ ಕೊಚ್ಚಿಯಿಂದ ತಿರುವನಂತಪುರದವರೆಗೆ ಎಷ್ಟೋ ಮನೆಗಳಿಗೆ ಕೇಬಲ್ ಎಳೆದವನು, ಗುಂಡಿ ತೋಡಿದವನು ಇವನೇ. ಹಾಳೆಯಲ್ಲಿ ಬೀಳುತ್ತಿದ್ದ ಹೆಸರು ಮಾತ್ರ ಆದರ್ಶ್. ಆದರ್ಶ್ ಹೃಷಿಕೇಶನ ಅಕ್ಕನ ಮಗ. ಹಾರೆಯ ಯಾವ ತುದಿ ನೆಲಕ್ಕೆ ಅಂತ ಕೇಳಿದರೆ ಯೋಚನೆ ಮಾಡುವವನು, ಆದರೂ ಅವನಿಗೆ ಪರ್ಮಿಟ್ ಬಂದು ಎರಡು ವರ್ಷವಾಗಿತ್ತು.

"ಈ ಸಲ ನಿನ್ನ ಹೆಸರೇ ಮಾರಾಯ, ದೇವರಾಣೆ" ಅಂತ ಹೃಷಿಕೇಶ್ ಬರುವಾಗ ವ್ಯಾನಿನಲ್ಲಿ ಹೇಳಿದ್ದ. ಅವನು ಕಾಸರಗೋಡಿನವನು. ಸುಳ್ಳನ್ನೂ ಎಷ್ಟು ಮೆತ್ತಗೆ ಹೇಳುತ್ತಿದ್ದನೆಂದರೆ ಸಿಟ್ಟು ಬರಲು ಎರಡು ದಿನ ಹಿಡಿಯುತ್ತಿತ್ತು.

ಬೆಳಗ್ಗೆ ಯುವರಾಜ್ ಬಂದಾಗ ವಿಶ್ವೇಶ್ವರ ಹೆಂಡತಿಗೆ ಕನ್ನಡದಲ್ಲಿ ಹೇಳಿದ್ದರು, "ಗೇಟು ನೋಡ್ಕೋ. ಈ ಬಂಗಾಳಿಗಳ್ನ ನಂಬಕ್ಕಾಗಲ್ಲ." ಕೇರಳದಲ್ಲಿ ಹೊರಗಿನಿಂದ ಕೂಲಿಗೆ ಬಂದವರೆಲ್ಲ ಬಂಗಾಳಿಗಳೇ.

"ಬಂಗಾಳಿ ಅಲ್ರೀ ಸರ. ಮಾನ್ವಿ."

"ಅರೆ! ನಮ್ಮೋನೇ! ಕೌಸಲ್ಯಾ, ನಮ್ಮ ಕನ್ನಡದೋನು ಕಣೇ! ಏನಪ್ಪಾ ಹೆಸರು?"

"ಯುವರಾಜ್ ರೀ."

"ಭೇಷ್! ಯಾವ ಪೈಕಿ?"

"ಮಾದಿಗರ ಓಣಿ ರೀ."

ಕೌಸಲ್ಯಾ ಆಗಷ್ಟೇ ಸ್ಟೀಲು ಲೋಟದಲ್ಲಿ ಕಾಫಿ ತಂದಿದ್ದರು. ಏನೋ ಮರೆತವರಂತೆ ಒಳಗೆ ಹೋದರು. ಹೊರಗೆ ಬಂದಾಗ ಅದೇ ಕಾಫಿ ಕಾಗದದ ಕಪ್ಪಿನಲ್ಲಿತ್ತು, ಕಾಂಪೌಂಡ್ ಗೋಡೆಯ ಮೇಲಿಟ್ಟು ದೂರ ಸರಿದರು. ನಮ್ಮೋನು ಅನ್ನುವುದು ಅಲ್ಲಿಗೆ ಮುಗಿಯಿತು. ಬಂಗಾಳಿಯಾಗಿಯೇ ಉಳಿದಿದ್ದರೆ ಸ್ಟೀಲು ಲೋಟವಾದರೂ ಸಿಗುತ್ತಿತ್ತಲ್ಲ ಅಂತ ಯುವರಾಜನಿಗೆ ನಗು ಬಂತು, ಹಿಂದೆಯೇ ಉರಿಯೂ ಬಂತು.

ಹನ್ನೊಂದಕ್ಕೆ ಪಾಯಿಖಾನೆ ಕೇಳಿದ. "ಹಿಂದ್ಗಡೆ ಇರೋದಕ್ಕೆ ಬೀಗ. ಬೀದಿ ತುದೀಲಿ ಖಾಲಿ ಸೈಟಿದೆ ನೋಡು" ಅಂದರು ಕೌಸಲ್ಯಾ. ಖಾಲಿ ಸೈಟಿನಲ್ಲಿ ಸಂಘದ ಕಾವಲುಗಾರ ಕೋಲು ಹಿಡಿದು ಓಡಿಸಿದ. ಮನೆಯವರು ಊಟಕ್ಕೆ ಕೂತ ಹೊತ್ತಿನಲ್ಲಿ ಯುವರಾಜ್ ಗುಂಡಿಯೊಳಗೇ ಕೆಲಸ ಮುಗಿಸಿದ. ಅರ್ಥಿಂಗ್ ಗುಂಡಿಗೆ ಹೇಗಿದ್ದರೂ ಉಪ್ಪು ನೀರು ಸುರಿಯಬೇಕು. ಅರ್ಧ ಕೆಲಸ ಮುಂಗಡ ಆಯಿತು ಅಂತ ಸಮಾಧಾನ ಮಾಡಿಕೊಂಡ.

ಮೂರೂವರೆಗೆ ಗುಂಡಿ ಎಂಟಡಿ ಮುಟ್ಟಿತು. ಹತ್ತಿ ಇಳಿಯಲು ಗುಂಡಿಯ ಗಟ್ಟಿ ಕೆಂಪು ಮುರಕಲ್ಲಿನ ಗೋಡೆಯಲ್ಲಿ ಕಾಲಿಡುವ ಮೆಟ್ಟಿಲು ಕೊರೆದುಕೊಂಡಿದ್ದ. ತಳ ಸಮ ಮಾಡುತ್ತಿರುವಾಗ ಮೇಲೆ ಹೃಷಿಕೇಶನ ದನಿ ಕೇಳಿತು.

"ಸಾರ್, ಹೆಸರು ಉಂಟಲ್ಲ, ಅಲ್ಲಿ ಆದರ್ಶ್ ಅಂತ ಬರೆಯಿರಿ. ಪರ್ಮಿಟ್ ಇದ್ದವನ ಹೆಸರು ಇದ್ರೆ ಕಂಪನಿಯವರು ಜಾಸ್ತಿ ಕೇಳುದಿಲ್ಲ."

"ಬರ್ದಾಯ್ತು ಬಿಡಿ. ಅವ್ನಿಗೆ ಹೇಳಿ, ಹತ್ತಿ ಬರ್ಲಿ. ಗುಂಡಿ ಖಾಲಿ ತೋರಿಸ್ಬೇಕಂತೆ."

ಯುವರಾಜನ ಕೈಯಲ್ಲಿದ್ದ ಹಾರೆ ನಿಂತಿತು. ಹಾರೆಯನ್ನು ಗೋಡೆಗೊರಗಿಸಿ, ಗುಂಡಿಯ ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

"ಬಾ ಮಾರಾಯ ಮೇಲೆ" ಅಂದ ಹೃಷಿಕೇಶ್.

"ಬರಾಂಗಿಲ್ಲ."

"ಎಂತದು?"

"ಹಾಳ್ಯಾಗ ನನ್ನ ಹೆಸರು ಬರೀರಿ, ಬರ್ತೀನಿ. ತೆಗ್ಗು ನಾ ತೋಡೂದು, ಹೆಸರು ನಿನ್ನ ಅಕ್ಕನ ಮಗಂದು? ಆ ಭಾಡಕೋನ್ನ ಕರ್ಕೊಂಡು ಬಾ, ಇಲ್ಲಿ ಕುಂದ್ರಸು. ಅವನ ಫೋಟೊನೇ ಹೊಡೀಲಿ."

"ಬೇವರ್ಸಿ! ನಾಳೆಯಿಂದ ಕೆಲಸಕ್ಕೆ ಬಾ, ನೋಡುವ ನಿನ್ನ!"

"ನಾಳಿದ್ದು ನಾಳಿಗಿ ನೋಡ್ಕೋಳಾಮು. ಇವತ್ತು ನಾಕಕ್ಕ ಫೋನ್ ಬರ್ತೈತಿ."

ವಿಶ್ವೇಶ್ವರ ಅಂಚಿಗೆ ಬಂದು ಬಗ್ಗಿದರು. "ಏನ್ರೀ ಇದು, ಇಳಿದು ಎಳ್ದು ಹಾಕ್ರೀ ಅವನ್ನ!"

ಹೃಷಿಕೇಶ್ ತನ್ನ ಬಿಳಿ ಬೂಟು ನೋಡಿಕೊಂಡ. ಗುಂಡಿಯೊಳಗಿನ ವಾಸನೆ ಅವನ ಮೂಗಿಗೆ ಆಗಲೇ ಬಡಿದಿತ್ತು. "ನೀವೇ ಒಂದು ಮಾತು ಹೇಳಿ ಸಾರ್, ನಿಮ್ಮ ಊರಿನವ" ಅಂದ. ಊರಿನವರು ಎರಡು ಹೆಜ್ಜೆ ಹಿಂದೆ ಸರಿದರು. ಕೆಳಗೆ ಕೂತಿದ್ದವನಿಗೆ ಅವರ ತಲೆ ಮಾತ್ರ ಕಾಣುತ್ತಿತ್ತು. ಮೂವರಲ್ಲಿ ಒಬ್ಬರೂ ಗುಂಡಿಗಿಳಿದು ತನ್ನನ್ನು ಮುಟ್ಟಿ ಎಳೆಯಲಾರರು ಅಂತ ಯುವರಾಜನಿಗೆ ಆಗ ಹೊಳೆಯಿತು. ಇಷ್ಟು ವರ್ಷ ದೂರ ನಿಲ್ಲಿಸಿದ್ದ ಆ ಮೈಲಿಗೆ ಇವತ್ತು ತನ್ನ ಕಾವಲಿಗೆ ನಿಂತಿತ್ತು. ಬಾಯಿ ತುಂಬ ನಕ್ಕ.

"ರೀ, ಮೂರು ನಲವತ್ತೆಂಟು!" ಜಗಲಿಯಿಂದ ಕೌಸಲ್ಯಾ ಕೂಗಿದರು. "ಆ ದರಿದ್ರದ ಹೆಸರು ಬರ್ದು ಬಿಸಾಕ್ರೀ! ನಂಗೆ ಗ್ರೈಂಡರ್ ಬೇಕು!"

ಪೆನ್ನು ಗೀಚಿದ ಸದ್ದು ಕೇಳಿತು. ಕಂಪನಿಯವರು ಕೊಟ್ಟಿದ್ದ ಇನ್ನೊಂದು ಜೋಡಿ ಹಾಳೆಯಲ್ಲಿ ವಿಶ್ವೇಶ್ವರ ಹೊಸದಾಗಿ ಬರೆಯುತ್ತಿದ್ದರು.

"ವಿಳಾಸ ಏನು?"

"ಮಾದಿಗರ ಓಣಿ, ಮಾನ್ವಿ."

"ಬರೀ ಮಾನ್ವಿ ಸಾಕು."

"ಓಣಿ ಬರೀರಿ ಸರ. ಮುಂಜಾನಿ ನೀವಽ ಕೇಳೀರಿ."

ಬರೆದರು. ಎರಡು ಪ್ರತಿಗೂ ಸಹಿ ಹಾಕಿದರು. ಒಂದನ್ನು ಹೃಷಿಕೇಶನ ಕೈಗೆ ಕೊಟ್ಟು, ಇನ್ನೊಂದನ್ನು ತುದಿಬೆರಳಿನಲ್ಲಿ ಹಿಡಿದು ಗುಂಡಿಯ ಮೇಲೆ ಬಿಟ್ಟರು. ಹಾಳೆ ಹೊರಳುತ್ತ ಬಂದು ಯುವರಾಜನ ಕಾಲ ಬಳಿಯ ಹಸಿ ಮಣ್ಣಿಗೆ, ಮಧ್ಯಾಹ್ನದ ಉಪ್ಪು ನೀರಿಗೆ ಬಿತ್ತು.

"ತಗೋ. ಬಾ ಈಗ ಮೇಲಕ್ಕೆ."

ಯುವರಾಜ್ ಹಾಳೆ ಎತ್ತಿ ಅಂಗಿಯಿಂದ ಒರೆಸಿದ. ಹೆಸರು ಇತ್ತು, ಓಣಿ ಇತ್ತು, ಸಹಿ ಇತ್ತು. ಎಂಟು ವರ್ಷ ಕಾದದ್ದು ಇದಕ್ಕೇ. ಕುಣಿಯಬೇಕಿತ್ತು, ಆದರೆ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅವರು ಬಗ್ಗಿ ಕೈ ಚಾಚಿದ್ದರೆ ಎದ್ದು ನಿಂತು ಕೈಗೇ ತೆಗೆದುಕೊಳ್ಳುತ್ತಿದ್ದ. ನಾಯಿಗೆ ರೊಟ್ಟಿ ಎಸೆಯುವವರೂ ಒಣಗಿದ ಜಾಗ ನೋಡಿ ಎಸೆಯುತ್ತಾರೆ. ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟು ಎದೆಯ ಜೇಬಿಗೆ ಸೇರಿಸಿದ. ಆಮೇಲೆ ಹಾರೆ ಎತ್ತಿಕೊಂಡು, ತಾನೇ ಕೊರೆದಿದ್ದ ಮೆಟ್ಟಿಲುಗಳನ್ನು ಒಂದೊಂದಾಗಿ ಕೆಡವತೊಡಗಿದ.

"ಎಂತ ಮಾಡ್ತಿ ನೀನು? ಹೇಗೆ ಬರ್ತಿ ಮೇಲೆ?"

ಕೊನೆಯ ಮೆಟ್ಟಿಲು ಉದುರಿತು. ಯುವರಾಜ್ ಹಾರೆಯನ್ನು ಮೇಲಕ್ಕೆಸೆದು, ಬಲಗೈ ಎತ್ತಿ ನಿಂತ. "ಸರ, ಕೈ ಕೊಡ್ರಿ. ಎಳಕೊಳ್ರಿ."

ಹೃಷಿಕೇಶ್ ಕೂಡಲೇ ಮೊಣಕಾಲೂರಿ ಕೈ ಚಾಚಿದ. ಯುವರಾಜ್ ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. "ನಿಂದು ಬ್ಯಾಡ. ಹೆಸರು ಬರದಾರಲ್ಲ, ಆ ಕೈ ಬೇಕು."

ಫೋನು ಹೊಡೆದುಕೊಂಡಿತು. ಕೊಚ್ಚಿಯ ಆಫೀಸಿನಿಂದ ದಿಶಾ ಎಂಬ ಹುಡುಗಿ, ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಗುಂಡಿ ಖಾಲಿ ಇರಬೇಕು, ಕೆಲಸದವರು ಮಾಲೀಕರ ಪಕ್ಕದಲ್ಲಿ ನಿಂತಿರಬೇಕು, ಲಿಂಕು ಇನ್ನು ಐದು ನಿಮಿಷಕ್ಕೆ ಮುಚ್ಚುತ್ತದೆ ಅಂದಳು.

"ಒನ್ ಮಿನಿಟ್, ಒನ್ ಮಿನಿಟ್" ಅನ್ನುತ್ತ ವಿಶ್ವೇಶ್ವರ ಹೆಗಲ ಮೇಲಿನ ಟವೆಲ್ ತೆಗೆದು ಅದರ ತುದಿಯನ್ನು ಇಳಿಬಿಟ್ಟರು. ಯುವರಾಜ್ ಎಳೆದ. ಟವೆಲ್ ಪೂರ್ತಿ ಕೆಳಗೆ ಬಂತು. ಅದರಿಂದ ಮುಖ ಒರೆಸಿಕೊಂಡು ಮತ್ತೆ ಕೈ ಎತ್ತಿದ.

"ಹಿಡ್ಕೊಳ್ರೀ!" ಕೌಸಲ್ಯಾ ಜಗಲಿಯಿಂದ ಕಿರುಚಿದರು. "ಆಮೇಲೆ ಸ್ನಾನ ಮಾಡಿದ್ರಾಯ್ತು!"

ಫೋನಿನೊಳಗಿನ ಹುಡುಗಿಗೆ ಅದು ಕೇಳಿಸಿತು. ಇಂಗ್ಲಿಷು ಬಿಟ್ಟು ಅಚ್ಚ ಕನ್ನಡದಲ್ಲಿ ಕೇಳಿದಳು, "ಯಾಕೆ ಸ್ನಾನ, ಸರ್?"

ವಿಶ್ವೇಶ್ವರ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮಂಡಿಯ ಮೇಲೆ. ಆ ಕೈ ಒಂದು ಗೇಣು ಕೆಳಗಿಳಿಯಿತು, ನಿಂತಿತು. ಯುವರಾಜನ ಬೆರಳಿನಿಂದ ಕೆಂಪು ಮಣ್ಣು ಉದುರುತ್ತಿತ್ತು. ತೋಳು ನೋಯುತ್ತಿತ್ತು, ಆದರೂ ಅವನು ಕೈ ಇಳಿಸಲಿಲ್ಲ.

"ಮೂರು ನಿಮಿಷ ಇದೆ ಸರ್" ಅಂದಳು ಹುಡುಗಿ. "ನಾನು ನೋಡ್ತಾ ಇದೀನಿ."